ಪ್ರಾರ್ಥನಿ ಆತು, ಇವತ್ತ ರಾತ್ರಿ ಪಾಳಿ ಯಾರದು?

ಫೆಬ್ರವರಿ 11 ಬಂತಂದ್ರ ನನ್ನ ಫೇಸ್‌ಬುಕ್ ತುಂಬ ದವಾಖಾನಿ ಫೋಟೋ. ಕ್ಯಾಥೋಲಿಕ್‌ನವರು ಅವತ್ತ ಲೂರ್ದು ಮಾತೆ ಹಬ್ಬದ ಜೋಡಿ ವಿಶ್ವ ರೋಗಿಗಳ ದಿನಾನೂ ಮಾಡ್ತಾರ, 1992ರಾಗ ಪೋಪ್ ಎರಡನೇ ಜಾನ್ ಪಾಲ್ ಘೋಷಣಾ ಮಾಡಿದ್ದು, ಮರುವರ್ಷದಿಂದ ಶುರು ಆತು. ಈಗೀಗ ನಮ್ಮ ಸಿಎಸ್‌ಐದವರು (ದಕ್ಷಿಣ ಭಾರತದ ಪ್ರೊಟೆಸ್ಟಂಟ್ ಚರ್ಚ್), ಬಿಲೀವರ್ಸ್ ಮಂದಿ ಎಲ್ಲಾರೂ ಅವತ್ತ ದವಾಖಾನಿಗೆ ಹೋಗಾಕ ಹತ್ಯಾರ, ಒಳ್ಳೇದ ಆತು. ಆದ್ರ ಫೋಟೋ ಸ್ವಲ್ಪ ಲಕ್ಷ ಕೊಟ್ಟು ನೋಡ್ರಿ. ಬಾಳಿಹಣ್ಣು, ಬ್ರೆಡ್ ಪ್ಯಾಕೆಟ್, ಹತ್ತು ಹನ್ನೆರಡು ಮಂದಿ ಕೈ ಚಾಚಿ ಕಣ್ಣು ಮುಚ್ಚಿ ನಿಂತಾರ, ನಡುವ ಕಾಟಿನ ಮ್ಯಾಲ ಒಬ್ಬ ಮುದುಕ, ಅವನ ಮುಖಾನ ಅರ್ಧಾ ಕಟ್ ಆಗಿರ್ತೈತಿ. ಆ ಮುದುಕನ ಹಾಸಿಗಿ ಒದ್ದಿ ಐತೋ ಒಣಗಿದ್ದೈತೋ ಹನ್ನೆರಡು ಮಂದಿಯೊಳಗ ಒಬ್ಬರಾದ್ರೂ ಕೈ ಹಾಕಿ ನೋಡಿದ್ರೋ ಇಲ್ಲೋ.

ನಾ ಹುಟ್ಟಾ ಕ್ರಿಸ್ತಾನ. ನಮ್ಮ ಮನಿತನ ಗುಳೇದಗುಡ್ಡದ ಕಡೇದು, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನವರು 1851ರಾಗ ಅಲ್ಲಿ ಬಂದು ನೆಲಿ ಊರಿದ್ರಲ್ಲ, ಆ ಸಭಾದ (ಚರ್ಚಿನ) ಬೇರು ನಮ್ಮದು. ಹಂಗಾಗಿ ಪ್ರಾರ್ಥನಿ ಬಗ್ಗೆ ಹಗುರ ಮಾತಾಡಾಕ ಈ ಪೋಸ್ಟ್ ಹಾಕಾಕ ಹತ್ತಿಲ್ಲ, ಪ್ರಾರ್ಥನಿ ಬೇಕ, ಮಲಗಿದಾವಗ ಅದರಿಂದ ಧೈರ್ಯ ಬರತೈತಿ, ನಾನ ಕಂಡೀನಿ. ನನ್ನ ತಕರಾರು ಇಷ್ಟ. ಆಮೆನ್ ಅಂದ ಕೂಡಲೇ ಚಪ್ಪಲಿ ಮೆಟ್ಟಿ ಹೊಂಟಬಿಡ್ತೀವಲ್ಲ, ಅಲ್ಲಿಂದ ಮುಂದ ಆ ಮನ್ಯಾಗ ಏನ ಆಗತೈತಿ ಅನ್ನೋದು ನಮ್ಮ ನಂಬಿಕಿಗೆ ಸಂಬಂಧಪಟ್ಟಿದ್ದಲ್ಲ ಅಂತ ನಾವು ಯಾವಾಗ ಡಿಸೈಡ್ ಮಾಡಿದ್ವಿ?

ಬಾಗಲಕೋಟಿ ನವನಗರದಾಗ ನಮ್ಮ ಸಭಾದ ಹಿರಿಯರೊಬ್ರಿಗೆ ಲಕ್ವಾ ಹೊಡದು ಬಲಗಡೆ ಕೈಕಾಲು ಬಿದ್ದಾವ, ಮಾತೂ ಹೋಗೈತಿ. ಹೆಸರು ಬ್ಯಾಡ. ಮಗ ಪುಣೆದಾಗ ಕೆಲಸಕ್ಕ, ಮಗಳು ಗಂಡನ ಮನ್ಯಾಗ, ಇಲ್ಲಿ ಹೆಂಡತಿ ಒಬ್ಬಾಕಿನ, ಆಕಿಗೂ ಮೊಣಕಾಲ ನೋವು. ಸಂಡೇ ಸರ್ವಿಸ್ ಮುಗಿಸಿ ನಾವು ಒಂದ ಗುಂಪು ಹೋದ್ವಿ, ಹಾಡಿದ್ವಿ, ವಾಕ್ಯ ಓದಿದ್ವಿ, ಒಬ್ರಾದ ಮ್ಯಾಲ ಒಬ್ರು ಪ್ರಾರ್ಥನಿ ಮಾಡಿದ್ರು, ಚಾ ಕುಡದ್ವಿ. ಎದ್ದು ನಿಂತಾಗ ಆ ಅಕ್ಕ ಬಾಗಲದಾಗ ಬಂದು ಅಂದ್ಲು, "ತಮ್ಮಾ, ಬಂದೀರಿ, ಒಂದೀಟ ಕೈ ಹಚ್ಚ್ರಿ, ಇವರನ್ನ ಮಗ್ಗಲಾ ಹಾಕೂಣು. ಬೆಳಗಿಂದ ನನ್ನ ಕೈಲೆ ಆಗಿಲ್ಲ." ಎಲ್ಲಾರೂ ಒಬ್ಬರ ಮುಖ ಒಬ್ರು ನೋಡಿದ್ರು. ನಮಗ ಮನಸಿಲ್ಲಂತ ಅಲ್ಲರೀ, ಹೆಂಗ ಹಿಡೀಬೇಕು ಅನ್ನೋದ ಗೊತ್ತಿಲ್ಲ. ಇಡೀ ಕೀರ್ತನೆ ಪುಸ್ತಕ ಬಾಯಿಪಾಠ ಐತಿ, ಒಬ್ಬ ಮನಷ್ಯಾನ್ನ ಹಾಸಿಗ್ಯಾಗ ಹೊಳ್ಳಿಸಾಕ ಬರಂಗಿಲ್ಲ.

ಪುಣ್ಯಾಕ ಗುಂಪಿನ್ಯಾಗ ಬಾಯಾರು ಇದ್ರು. ಮಿರಜ್‌ದಾಗ ನರ್ಸಿಂಗ್ ಕಲ್ತು ಸರ್ಕಾರಿ ನೌಕರಿ ಮಾಡಿ ರಿಟೈರ್ ಆದವರು, ನಾವೆಲ್ಲಾ ಬಾಯಾರು ಅಂತೀವಿ. ಸೆರಗು ಸಿಗಿಸಿ ಬಂದವರ, "ಒಂದ ಹಳೇ ದುಪ್ಪಡಿ ತಗೊಂಡ ಬಾರವಾ" ಅಂದ್ರು. ಅದನ್ನ ನಾಲ್ಕು ಮಡಿಕಿ ಮಾಡಿ ಹಿರಿಯರ ಭುಜದಿಂದ ಕುಂಡಿ ಕೆಳಗಿನ ತನಕ ಬರುವಂಗ ಅಡಿಗೆ ತೂರಿಸಿದ್ರು, ಆ ಕಡೆ ಇಬ್ರು ಈ ಕಡೆ ಇಬ್ರು ಅದರ ಅಂಚು ಸುರುಳಿ ಸುತ್ತಿ ಬಿಗಿ ಹಿಡದು ಒಂದ ಸಲಕ್ಕ ಎತ್ತಬೇಕು, ಎಳೀಬಾರದು, ಎಳದ್ರ ಚರ್ಮ ಹಾಸಿಗಿಗೆ ತಿಕ್ಕಿ ಕಿತ್ತು ಬರತೈತಿ. ಮಗ್ಗಲಾದಾಗ ಬೆನ್ನು ನೋಡಿದ್ವಿ. ಬೆನ್ನೆಲುವಿನ ತುದಿ ಹತ್ರ ಹಾಸಿಗಿ ಹುಣ್ಣು, ಅಂಗೈಯಷ್ಟ ಅಗಲ ಕಪ್ಪಗಾಗಿ ನಡುವ ಬಾಯಿ ತಗದಿತ್ತು. ಬಾಯಾರು ಅಂದ್ರು, ಪುಸ್ತಕದಾಗ ಕೆಂಪಗಾಗತೈತಿ ಅಂತ ಬರದಿರ್ತಾರ, ನಮ್ಮ ಬಣ್ಣದ ಮೈಯಾಗ ಕೆಂಪ ಕಾಣಂಗಿಲ್ಲ, ಕಪ್ಪಗ ಆಗತೈತಿ, ಮುಟ್ಟಿದ್ರ ಬಿಸಿ ಹತ್ತತೈತಿ, ಅವಾಗ ಎಚ್ಚರ ಆಗಬೇಕು. ಆ ಜಾಗಾ ತಿಕ್ಕಬಾರದು, ಗಾಳಿ ತುಂಬೋ ರಿಂಗ್ ತಂದು ಅದರ ಮ್ಯಾಲ ಕೂಡಸಬಾರದು, ಪೌಡರ್ ಸುರೀಬಾರದು. ಕಾಯಿಸಿ ಆರಿಸಿದ ಉಪ್ಪಿನ ನೀರಿಲೆ ತೊಳದು, ಒತ್ತಿ ನೀರು ತಗದು, ಗಾಜ್ ಇಟ್ಟು, ಎರಡ ತಾಸಿಗೊಮ್ಮೆ ಮಗ್ಗಲಾ ಬದಲಿ. ರಾತ್ರಿನೂ.

ರಾತ್ರಿನೂ ಅಂದ ಕೂಡಲೇ ಆ ಅಕ್ಕನ ಮುಖ ನೋಡಬೇಕಿತ್ತು ನೀವು.

ಇಲ್ಲೇ ನನಗ ಪಾಳಿ ಅನ್ನೋ ವಿಚಾರ ತಲಿಯಾಗ ಕುಂತಿದ್ದು. ಹಳೇ ಬಾಗಲಕೋಟ್ಯಾಗ ಓಣಿ ಅಂತ ಇತ್ತು ನೋಡ್ರಿ, ಯಾರದರ ಮನ್ಯಾಗ ಜಡ್ಡಿನವರು ಇದ್ರ ಮಗ್ಗಲ ಮನಿಯವರು ರೊಟ್ಟಿ ಬಡದು ಕಳಸತಿದ್ರು, ರಾತ್ರಿ ಒಬ್ರು ಬಂದು ಮಲಗತಿದ್ರು, ಅದಕ್ಕ ಸೇವಾ ಅಂತ ಹೆಸರೂ ಇರಲಿಲ್ಲ. ಆಲಮಟ್ಟಿ ಹಿನ್ನೀರಿಗೆ ಊರ ಮುಳುಗಿ ನವನಗರಕ್ಕ ಬಂದಮ್ಯಾಲ ಓಣಿ ಹೋಗಿ ಸೆಕ್ಟರ್ ಬಂತು. ರೋಡು ಅಗಲ ಆದ್ವು, ಮನಿ ಪಕ್ಕಾ ಆದ್ವು, ಮಗ್ಗಲ ಮನಿಯವರು ಯಾರಂತ ಕೇಳಿದ್ರ ಪ್ಲಾಟ್ ನಂಬರ್ ಹೇಳ್ತಾರ. ಇಂಥಾದ್ರಾಗ ವಾರಕ್ಕೊಮ್ಮೆ ಕೂಡೋ ಒಂದ ಸಭಾ ಅನ್ನೋದು ಎಷ್ಟ ದೊಡ್ಡ ಆಸ್ತಿ ಅಲ್ಲೇನು? ನೂರ ಕೈ ಅದಾವ ಅಲ್ಲಿ, ಚಪ್ಪಾಳಿ ಹೊಡಿಯಾಕ ಅಷ್ಟ ಬಳಸಾಕ ಹತ್ತೀವಿ.

ಮಾರ್ಕನ ಸುವಾರ್ತಿ ಎರಡನೇ ಅಧ್ಯಾಯ ತಗೀರಿ. ಕಪೆರ್ನೌಮದಾಗ ಯೇಸುಸ್ವಾಮಿ ಒಂದ ಮನ್ಯಾಗ ಕುಂತಾನ, ಮಂದಿ ಗದ್ದಲ, ಬಾಗಲದಾಗ ಕಾಲಿಡಾಕ ಜಾಗಾ ಇಲ್ಲ. ನಾಲ್ಕ ಮಂದಿ ಒಬ್ಬ ಪಾರ್ಶ್ವವಾಯು ರೋಗಿನ ಹಾಸಿಗಿ ಸಮೇತ ಹೊತ್ತು ತಂದ್ರು, ಒಳಗ ಹೋಗಾಕ ಆಗಲಿಲ್ಲ, ಮಾಳಗಿ ಏರಿ ಮಣ್ಣು ಬಗದು ತೂತು ಮಾಡಿ ಕೆಳಗ ಇಳಿಬಿಟ್ರು. ಈ ಕತಿ ಬೆಂಗಳೂರಿನವರಿಗೆ ತಿಳಿಸಿ ಹೇಳಬೇಕು, ನಮಗ ಬ್ಯಾಡ. ಬಾದಾಮಿ, ಬೀಳಗಿ ಕಡೆ ಹಳ್ಳ್ಯಾಗ ಮೇಲ್ಮುದ್ದಿ ಮನಿ ನೋಡಿದವರಿಗೆ ಗೊತ್ತೈತಿ, ಜಂತಿ ಮ್ಯಾಲ ಕಟಗಿ, ಕಟಗಿ ಮ್ಯಾಲ ಮಣ್ಣು, ಅದನ್ನ ಬಗದ್ರ ಕೆಳಗ ಕುಂತವರ ತಲಿ ಮ್ಯಾಲೆಲ್ಲಾ ಧೂಳು ಹೆಂಟಿ ಬೀಳತೈತಿ. ಮನಿ ಮಾಲಕ ಏನ ಅಂದನೋ ಬರದಿಲ್ಲ ಪಾಪ. ನನಗ ಬೇಕಾಗಿದ್ದು ಮುಂದಿನ ಮಾತು. ಯೇಸು "ಅವರ" ನಂಬಿಕಿ ನೋಡಿದ ಅಂತ ಐತಿ ಅಲ್ಲಿ. ಆ ನಾಲ್ಕ ಮಂದಿ ಒಂದ ಮಾತೂ ಆಡಿಲ್ಲ ಇಡೀ ಕತಿಯೊಳಗ. ಹೊತ್ತಾರ, ಏರ್‍ಯಾರ, ಬಗದಾರ, ಹಗ್ಗಾ ಬಿಟ್ಟಾರ. ಸ್ವಾಮಿ ನೋಡಿದ ನಂಬಿಕಿ ಅದು. ಹೆಸರೂ ಬರದಿಟ್ಟಿಲ್ಲ ಅವರದು.

ಸಮಾರ್ಯದವನ ಕತಿನೂ ಹಂಗ. ಕಳ್ಳರು ಹೊಡದು ದಾರಿ ಮ್ಯಾಲ ಕೆಡವಿದ ಒಬ್ಬನ್ನ ಕಂಡ. ಗಾಯಕ್ಕ ಎಣ್ಣಿ ದ್ರಾಕ್ಷಾರಸ ಹಾಕಿ ಕಟ್ಟಿದ, ತನ್ನ ಪ್ರಾಣಿ ಮ್ಯಾಲ ಕೂಡಿಸ್ಕೊಂಡ ಛತ್ರಕ್ಕ ಒಯ್ದ, ಮರುದಿನ ಎರಡ ನಾಣ್ಯ ಕೊಟ್ಟು, ಇನ್ನ ಹೆಚ್ಚಿಗಿ ಖರ್ಚಾದ್ರ ಹೊಳ್ಳಿ ಬಂದಾಗ ಕೊಡ್ತೀನಿ ಅಂದ. ಹೊಳ್ಳಿ ಬರ್ತೀನಿ ಅಂದಾನ ನೋಡ್ರಿ, ನಮ್ಮ ವಿಸಿಟ್‌ನಾಗ ಇಲ್ಲದ್ದು ಅದ.

ನಮ್ಮ ಕಡೆ ಮಂದಿಗೆ ಇದು ಹೊಸಾದೂ ಅಲ್ಲ. ಅಥಣಿ, ಚಿಕ್ಕೋಡಿ, ರಾಯಬಾಗ, ಜಮಖಂಡಿ ಕಡೆ ಹಿರಿಯರನ್ನ ಕೇಳ್ರಿ, ಊರ ವೈದ್ಯ ಕೈ ಚೆಲ್ಲಿದ ಅಂದ್ರ ಮುಂದಿನ ಮಾತು "ಮಿರಜ್‌ಕ್ಕ ಒಯ್ಯೂಣು" ಅಂತ ಇತ್ತು. ಕೆನಡಾದಾಗ ಹುಟ್ಟಿದ ವಿಲಿಯಂ ವಾನ್ಲೆಸ್ ಅನ್ನೋ ಡಾಕ್ಟರು ಪ್ರೆಸ್ಬಿಟೇರಿಯನ್ ಮಿಶನ್‌ದಿಂದ 1889ರಾಗ ಈ ಕಡೆ ಬಂದು 1894ರಾಗ ಮಿರಜ್‌ದಾಗ ದವಾಖಾನಿ ತಗದ. ಸಾಂಗ್ಲಿ ದಾರ್‍ಯಾಗ ಕ್ಷಯರೋಗದವರಿಗೆ ಮಾಡಿದ ಜಾಗಕ್ಕ ಇವತ್ತಿಗೂ ವಾನ್ಲೆಸ್‌ವಾಡಿ ಅಂತಾರ. ಈ ಕಡೆ ಗದಗ ಬೆಟಗೇರ್‍ಯಾಗ ಬಾಸೆಲ್ ಮಿಶನ್ ದವಾಖಾನಿ, ಹೆರಿಗಿಗೆ ಹೋದವರು ಎಷ್ಟ ಮನ್ಯಾಗ ಅದಾರ. ಹಂಗ ಹೋದವರು ಯಾರು? ಲಿಂಗಾಯತರು, ಕುರುಬರು, ಮುಸಲರು, ಜೈನರು, ದಲಿತರು, ಎಲ್ಲಾರೂ. ಆರಾಮಾಗಿ ಬಂದು ತಮ್ಮ ತಮ್ಮ ದೇವರಿಗೆ ಕಾಯಿ ಒಡಸ್ಯಾರ, ಯಾರೂ ಬ್ಯಾಡ ಅಂದಿಲ್ಲ.

ಈಗ ಆ ಮಾತಿಗೆ ಬರ್ತೀನಿ, ಯಾಕಂದ್ರ ಕಮೆಂಟ್‌ನಾಗ ಯಾರರ ಬಂದು ಕೇಳೇ ಕೇಳ್ತಾರ. ಸೇವಾ ಅಂತೀರಿ, ಒಳಗ ಮತಾಂತರ ಅಲ್ಲೇನು ಅಂತ. 2021ರ ಡಿಸೆಂಬರ್‌ದಾಗ ನಮ್ಮ ಬೆಳಗಾವಿ ಸುವರ್ಣಸೌಧದಾಗ ವಿಧಾನಸಭಾ ಮತಾಂತರ ತಡಿಯೋ ಬಿಲ್ ಪಾಸ್ ಮಾಡಿದಾಗ ದವಾಖಾನಿಗೆ ಹಣ್ಣು ಒಯ್ಯಾಕೂ ನಮ್ಮ ಮಂದಿ ಅಂಜತಿದ್ರು. ಕಾಯ್ದೆ ಬಗ್ಗೆ ನನ್ನ ಸಿಟ್ಟು ನನಗೈತಿ, ಅದು ಬ್ಯಾರೆ ಪೋಸ್ಟ್. ಆದ್ರ ನಮ್ಮವರಿಗೂ ಒಂದ ಮಾತ ಹೇಳಬೇಕು. ಸಲಾಯಿನ್ ಹಚ್ಚಿ ಮಲಗಿಸಿದ ಮನಷ್ಯಾ ಎದ್ದು ಹೋಗಾಕ ಬರಂಗಿಲ್ಲ. ಅಂಥಾವನ ತಲಿದಿಂಬಿನ ಕಡೆ ನಿಂತು ನಿಮ್ಮ ದೇವರು ಯಾಕ ಕೈಬಿಟ್ಟ ಅಂತ ಕೇಳೋದು, ಕರಪತ್ರ ಕೈಯಾಗ ತುರಕೋದು, ಇದು ಸುವಾರ್ತಿ ಅಲ್ಲರೀ, ಬಿದ್ದಾವನ ಮ್ಯಾಲ ಜೋರ ಮಾಡೋದು. ಮತ್ತಾಯ 25ರಾಗ ಸ್ವಾಮಿ ಹೇಳಿದ್ದು ನಾ ರೋಗದಾಗಿದ್ದೆ, ನನ್ನ ಆರೈಕಿ ಮಾಡಿದ್ರಿ ಅಂತ. ಹಾಸಿಗ್ಯಾಗ ಮಲಗಿದಾವನ ಸ್ವಾಮಿ ಅಂದಮ್ಯಾಲ ಅವಗ ನೀವು ಏನ ಬೋಧನಾ ಮಾಡಾವರು? ಒಡಿಶಾದಾಗ ಕುಷ್ಠರೋಗಿಗಳ ಸೇವಾ ಮಾಡತಿದ್ದ ಆಸ್ಟ್ರೇಲಿಯಾದ ಮಿಶನರಿ ಗ್ರಹಾಂ ಸ್ಟೇನ್ಸ್ ನೆನಪದಾರಲ್ಲ, 1999ರ ಜನವರಿಯೊಳಗ ಇಬ್ರು ಸಣ್ಣ ಹುಡುಗರ ಜೋಡಿ ಅವರನ್ನ ಜೀಪ್‌ನಾಗ ಸುಟ್ರು. ಅವರ ಹೆಂಡತಿ ಗ್ಲಾಡಿಸ್ ಮಗಳನ್ನ ಕರಕೊಂಡ ಆಸ್ಟ್ರೇಲಿಯಾಕ್ಕ ಹೋಗಿದ್ರ ಯಾರ ಏನ ಅನ್ನಾವರು? ಹೋಗಲಿಲ್ಲ. ಕ್ಷಮಿಸೀನಿ ಅಂದು ಬಾರಿಪದಾದ ಕುಷ್ಠರೋಗಿಗಳ ಆಶ್ರಮ 2004ರ ತನಕ ನಡಸಿದ್ರು. ಇದರ ಮುಂದ ಕರಪತ್ರ ಯಾವ ಲೆಕ್ಕ.

ಇನ್ನೊಂದ ಕಡೆ ಪ್ರಾರ್ಥನಾ ಮೇಳದ ಮಂದಿ. ಗುಳಗಿ ಬಿಡ್ರಿ, ನಂಬಿಕಿ ಇಡ್ರಿ. ನಮ್ಮ ಪರಿಚಯದ ಒಬ್ಬ ಅಕ್ಕಗ ಸಕ್ಕರಿ ಬ್ಯಾನಿ, ಇನ್ಸುಲಿನ್ ತಗೋತಿದ್ಲು, ಮೈಕ್ ಹಿಡದಾವ ಒಬ್ಬ ಬಂದು ನಿನಗ ಸ್ವಸ್ಥ ಆಗೈತಿ ಅಂದ, ಆಕಿ ಖುಷಿಲೆ ಬಿಟ್ಲು, ಕಾಲಬಟ್ಟಿಂದ ಶುರುವಾಗಿ ಮೊಣಕಾಲ ಕೆಳಗ ಕಾಲು ತಗೀಬೇಕಾತು. ಅವತ್ತ ದವಾಖಾನ್ಯಾಗ ಆ ಮೈಕಿನವ ಇರಲಿಲ್ಲ. ನಿನ್ನ ನಂಬಿಕಿ ಕಡಿಮಿ ಬಿತ್ತು ಅಂತ ಮ್ಯಾಲ ಹೇಳಿ ಕಳಿಸಿದ. ಕಾಲೂ ಹೋತು, ಮ್ಯಾಲ ತಪ್ಪೂ ಆಕಿದ. ಇಂಥಾವರನ್ನ ಕರದು ಶಾಲು ಹೊಚ್ಚೋದ ನಾವು ನಿಲ್ಲಿಸಬೇಕು, ಮುಲಾಜ ಬ್ಯಾಡ.

ನೋವು ದೇವರ ವರ, ತಡಕೋ ಅನ್ನೋವರೂ ಅದಾರ. ಮದರ್ ತೆರೇಸಾ ಬಗ್ಗೆ ನನಗ ಬಾಳ ಗೌರವ, 1952ರಾಗ ಕಾಳಿಘಾಟ್‌ದಾಗ ನಿರ್ಮಲ ಹೃದಯ ತಗದು ರಸ್ತಾದಾಗ ಬಿದ್ದ ಸಾಯಾವರನ್ನ ಎತ್ತಿ ತಂದಾಕಿ. ಆದ್ರ 1994ರಾಗ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಸಂಪಾದಕ ರಾಬಿನ್ ಫಾಕ್ಸ್ ಅಲ್ಲಿ ಹೋಗಿ ನೋಡಿ, ನೋವಿಗೆ ಜೋರ ಔಷಧ ಇಲ್ಲ ಅಂತ ಬರದ, ಆ ಮಾತನ್ನ ನಮ್ಮ ವೈರಿ ಬರದಾನ ಅಂತ ತಳ್ಳಿಹಾಕಬಾರದು. ಅದಕ್ಕ ಉತ್ತರಾನೂ ನಮ್ಮ ನಂಬಿಕಿಯೊಳಗಿಂದನ ಬಂದಿತ್ತು. ಲಂಡನ್‌ದ ಸಿಸಿಲಿ ಸಾಂಡರ್ಸ್. ಮೊದಲ ನರ್ಸ್, ಆಮ್ಯಾಲ ಸಮಾಜ ಕಾರ್ಯಕರ್ತೆ, ಸಾಯಾವರ ನೋವು ಕಡಿಮಿ ಮಾಡಬೇಕಂದ್ರ ಡಾಕ್ಟರ ಆಗಬೇಕು ಅಂತ ದೊಡ್ಡಾಕಿ ಆದಮ್ಯಾಲ ಡಾಕ್ಟರಕಿ ಕಲ್ತಾಕಿ. 1967ರಾಗ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಅಂದ್ರ ಸಾಯಾವರ ಆರೈಕಿ ಮಾಡೋ ಮನಿ, ತಗದ್ಲು. ನೋವು ಬಂದು ಒದರಿದಮ್ಯಾಲ ಮಾರ್ಫಿನ್ ಕೊಡೋದಲ್ಲ, ಗಡಿಯಾರ ನೋಡಿ ನೋವು ಬರೂಕಿಂತ ಮೊದಲ ಕೊಡಬೇಕು ಅನ್ನೋದು ಆಕಿ ರೂಢಿಗೆ ತಂದದ್ದು. ದೇಹದ್ದಷ್ಟ ಅಲ್ಲ, ಮನಸು, ಮನಿ, ರೊಕ್ಕ, ದೇವರು ಎಲ್ಲಾದರದೂ ಕೂಡಿ ಒಂದ ನೋವು ಅಂತಿದ್ಲು. ನಮ್ಮ ದೇಶದಾಗ 2014ರಾಗ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆ ತಿದ್ದಿ ಮಾರ್ಫಿನ್ ಇಟ್ಕೊಳಾಕ ದವಾಖಾನಿಗೆ ಸಸಾರ ಮಾಡ್ಯಾರ, ಆದ್ರೂ ಸಣ್ಣ ಊರಾಗಿನ ಕ್ಯಾನ್ಸರ್ ಪೇಷಂಟ್ ಅದಕ್ಕ ಬೆಳಗಾವಿ, ಹುಬ್ಬಳ್ಳಿ ಅಂತ ಅಲೀಬೇಕು. ಹೋಗಿ ತರಾವರು ಒಬ್ರು ಬೇಕಲ್ಲ? ಅದೂ ಒಂದ ಪಾಳಿ.

ಬಾಯಿ ಕ್ಯಾನ್ಸರ್ ನಮ್ಮ ಕಡೆ ಎಷ್ಟ ಐತಿ ಅಂತ ಗುಟಕಾ, ತಂಬಾಕ ತಿನ್ನಾವರಿಗೆ ಹೇಳೋದ ಬ್ಯಾಡ. ಒಂದ ಮನ್ಯಾಗ ಕಾಕಾನ ಗಲ್ಲ ತೂತಾಗಿತ್ತು. ವಾಸನಿ ಎಷ್ಟ ಅಂದ್ರ ಹಡಸಾಲಿ ತನಕ ಬರತಿತ್ತು, ಸೊಸಿ ಮೂಗಿಗೆ ಸೆರಗು ಹಿಡದು ಗಂಜಿ ಇಟ್ಟು ಓಡತಿದ್ಲು, ಆಕಿದು ತಪ್ಪ ಅನ್ನಾಂಗಿಲ್ಲ, ಬಸರಿ ಹೆಣ್ಣಮಗಳು. ಮೊಮ್ಮಗನ್ನ ಆ ಕ್ವಾಣ್ಯಾಗ ಬಿಡತಿರಲಿಲ್ಲ. ಕಾಕಾಗ ನೋವಿಗಿಂತ ಅದ ಹೆಚ್ಚ ಕಡಿತಿತ್ತು. ಬಾಯಾರು ಡಾಕ್ಟರನ್ನ ಕೇಳ್ಕೊಂಡು ಬಂದು ಮೆಟ್ರೊನಿಡಜೋಲ್ ಗುಳಗಿ ಅರದು ನುಣ್ಣಗ ಪುಡಿ ಮಾಡಿ, ಗಾಯ ತೊಳದು, ಪುಡಿ ಉದುರಿಸಿ ಗಾಜ್ ಇಟ್ರು, ದಿನಾ. ಕಿಮ್ಮತ್ತಿನ ಔಷಧ ಏನೂ ಅಲ್ಲ ಅದು, ಹೊಟ್ಟಿ ಕೆಟ್ರ ಕೊಡೋ ಗುಳಗಿ. ಸ್ವಲ್ಪ ದಿನಕ್ಕ ವಾಸನಿ ತಗ್ಗಿತು. ಗಾಯ ಮಾಯಲಿಲ್ಲ, ಮಾಯುವಂಥಾದಲ್ಲ. ಆದ್ರ ಮೊಮ್ಮಗ ಒಳಗ ಹೋಗಿ ಕಾಟಿನ ಮ್ಯಾಲ ಕುಂತು ಮೊಬೈಲ್‌ನಾಗ ಕ್ರಿಕೆಟ್ ತೋರಸಾಕ ಹತ್ತಿದ. ಕಾಕಾ ಒಂದ ತಿಂಗಳ ಮ್ಯಾಲ ಹೋದ. ಇದನ್ನ ಪವಾಡ ಅಂತ ಯಾವ ಮೇಳದಾಗೂ ಸಾಕ್ಷಿ ಹೇಳಂಗಿಲ್ಲ, ನನಗಂತೂ ಇದರ ಮುಂದ ಮೈಕಿನ ಪವಾಡ ಏನೂ ಅನಸಂಗಿಲ್ಲ.

ಅಂಜಿಕಿ ಇರ್ತೈತಿ, ನಮಗ ಹತ್ತಿದ್ರ ಅಂತ. ಅಂಜಬೇಕು ಕೂಡ, ಸುಮ್ಮನ ಧೈರ್ಯ ಬ್ಯಾಡ. ಹವಾಯಿಯ ಮೊಲೊಕಾಯಿ ದ್ವೀಪದಾಗ ಕುಷ್ಠರೋಗಿಗಳ ಜೋಡಿ ಇದ್ದ ಫಾದರ್ ಡೇಮಿಯನ್ ಹೆಸರು ಎಲ್ಲಾರಿಗೂ ಗೊತ್ತು, 1873ರಾಗ ಹೋದ, ಗಾಯ ತೊಳದ, ಸತ್ತವರಿಗೆ ಪೆಟ್ಟಿಗಿ ಬಡದ, ತನಗೂ ಬಂತು, 1889ರಾಗ ತೀರಿಕೊಂಡ. ಅವನ ಕಡೀ ದಿನದಾಗ ಅಲ್ಲಿಗೆ ಬಂದ ಮದರ್ ಮರಿಯಾನ್ ಕೋಪ್ ಹೆಸರು ನಮ್ಮ ಸಂಡೇ ಸ್ಕೂಲ್‌ದಾಗ ಯಾರೂ ಹೇಳಂಗಿಲ್ಲ. ಆಕಿ ಕೈ ತೊಳಿಯೋದ್ರಾಗ ಬಾಳ ಕಟ್ಟುನಿಟ್ಟು. ಆಕಿ ಕೈಕೆಳಗಿನ ಒಬ್ಬ ಸಿಸ್ಟರ್‌ಗೂ ಕುಷ್ಠ ಬರಲಿಲ್ಲ, ಆಕಿಗೂ ಬರಲಿಲ್ಲ. ಇಬ್ರನ್ನೂ ಸಂತರು ಅಂತ ಚರ್ಚ್ ಸಾರೈತಿ, ಒಬ್ರನ್ನ 2009ರಾಗ, ಇನ್ನೊಬ್ರನ್ನ 2012ರಾಗ. ನನಗ ಎರಡನೇದಾಕಿನ ಹೆಚ್ಚ ಬೇಕು. ಸಾಬಾಣ, ಗ್ಲೌಸ್ ಹಿಡಕೊಂಡ ಬರೋ ಭಕ್ತಿ ನಮಗ ಕಡಿಮಿ ಬಿದ್ದೈತಿ.

ಗಂಡಸರಿಗೆ ಒಂದ ಮಾತು. ಈ ಕೆಲಸೆಲ್ಲಾ ಹೆಣ್ಣಮಕ್ಕಳ ಮ್ಯಾಲ ಹಾಕಿ ನಾವು ಕಮಿಟಿ ಮೀಟಿಂಗ್ ಮಾಡ್ತೀವಿ, ಕುಂಡಿ ಮಾತ್ರ ಖುರ್ಚಿ ಬಿಡಂಗಿಲ್ಲ. ಮಲಗಿದಾವ ಗಂಡಸು, ಎಂಬತ್ತ ಕಿಲೋ, ಎತ್ತಾಕಿ ಅರವತ್ತೈದು ವರ್ಷದ ಹೆಂಡತಿ, ಇದು ಯಾವ ನ್ಯಾಯ? ಆತನ್ನ ತೊಳಿಯಾಕ ಬ್ಯಾರೆ ಹೆಣ್ಣಮಕ್ಕಳು ಬಂದ್ರ ಆತಗೂ ನಾಚಿಕಿ. ಹೊಲಸು ಮುಟ್ಟೋದು ಅಂದ್ರ ಕೀಳ ಕೆಲಸ ಅನ್ನೋದು ಬೈಬಲ್‌ದಿಂದ ಬಂದಿದ್ದಲ್ಲ, ನಮ್ಮ ಜಾತಿ ಬುದ್ಧಿ, ಚರ್ಚ್ ಒಳಗೂ ಹಿಂಬಾಲ ಬಂದೈತಿ ಅದು. ಯೇಸು ಶಿಷ್ಯರ ಕಾಲ ತೊಳದ ನೆನಪಿಗೆ ಕಾಲ ತೊಳಿಯೋ ಆರಾಧನಿ ವರ್ಷಕ್ಕೊಮ್ಮೆ ಮಾಡ್ತೀವಿ, ಮೊದಲ ಮನ್ಯಾಗ ತೊಳಕೊಂಡ ಬಂದ ಕಾಲ ಅವು.

ಹಿರಿಯರ ಮನಿಗೆ ಈಗ ಪಾಳಿ ಹಚ್ಚೀವಿ, ವಾಟ್ಸಾಪ್ ಗ್ರೂಪ್‌ನಾಗ. ರಾತ್ರಿ ಇಬ್ರು, ಹತ್ತಕ್ಕ ಬಂದು ಬೆಳಿಗ್ಗೆ ಆರಕ್ಕ ಹೋಗೋದು, ಆ ಅಕ್ಕ ಅಷ್ಟೊತ್ತಾದ್ರೂ ಕಣ್ಣ ಮುಚ್ಚಲಿ. ಮೂಗಿನ ನಳಿಗಿಲೆ ಗಂಜಿ ಹಾಕೋದು ಬಾಯಾರು ಕಲಸ್ಯಾರ, ತಲಿ ಕಡೆ ಎತ್ತರ ಮಾಡಿ ಹಾಕಬೇಕು, ಹಾಕಿದಮ್ಯಾಲೂ ಅರ್ಧಾ ತಾಸು ಹಂಗ ಇಡಬೇಕು, ಅವಸರ ಮಾಡಿದ್ರ ಪುಪ್ಪುಸದಾಗ ಇಳೀತೈತಿ. ಮೊದಲಿಗೆ ಬರೇ ನಮ್ಮ ಸಭಾದವರ ಇದ್ವಿ, ಈಗ ಮಗ್ಗಲ ಸೆಕ್ಟರ್‌ದ ಒಬ್ಬ ಮಾಸ್ತರು ವಿಭೂತಿ ಹಚ್ಚಿಕೊಂಡ ಬರ್ತಾರ, ಎತ್ತೋದ್ರಾಗ ಅವರ ಎಲ್ಲಾರಿಗಿಂತ ಗಟ್ಟಿ. ಬೆನ್ನಿನ ಗಾಯ ಸ್ವಲ್ಪ ಸಣ್ಣದಾಗೈತಿ, ಪೂರಾ ಮಾಯೂದಕ್ಕ ಇನ್ನ ಬಾಳ ದಿನ ಬೇಕಂತಾರ ಬಾಯಾರು.

ಬುಧವಾರ, ಶನಿವಾರ ರಾತ್ರಿ ಪಾಳಿ ಖಾಲಿ ಅದಾವ. ಶನಿವಾರ ಯಾರೂ ಒಲ್ಲೆ ಅಂತಾರ, ಮರುದಿನ ಚರ್ಚ್‌ಗೆ ಹೋಗಬೇಕಂತ, ಏನ ಹೇಳಬೇಕು ಇವರಿಗೆ. ನವನಗರ, ವಿದ್ಯಾಗಿರಿ ಕಡೆ ಇರಾವರು ಬರಾಂಗಿದ್ರ ಇನ್‌ಬಾಕ್ಸ್ ಮಾಡ್ರಿ, ಯಾವ ಧರ್ಮದವರಾದ್ರೂ ನಡಿತೈತಿ. ಉಗುರು ಕತ್ತರಿಸ್ಕೊಂಡ ಬರ್ರಿ, ಉಂಗುರ ಗಡಿಯಾರ ಮನ್ಯಾಗ ಬಿಟ್ಟ ಬರ್ರಿ, ಚರ್ಮಕ್ಕ ತಾಗ್ತಾವ. ಹಣ್ಣು ಬ್ಯಾಡ, ಅವರಿಗೆ ನುಂಗಾಕ ಬರಂಗಿಲ್ಲ. ತರೋದಿದ್ರ ದೊಡ್ಡವರ ಡೈಪರ್ ತರ್ರಿ, ಲಾರ್ಜ್ ಸೈಜು.